ಸಮುದಾಯ ಭವನಕ್ಕೆ ಬೀಗ ಬೀಳದಿರಲು

ಮನರಂಜನಾ ಕೇಂದ್ರಗಳಿಗೆ ಸಾರ್ವಜನಿಕ ಹಣ, ಸ್ಥಳೀಯ ಸಂಸ್ಥೆಗಳ ಹೊಣೆ ಮತ್ತು ವರ್ತಕರ ಪಾತ್ರ

ಒಂದು ಊರಿನ ವ್ಯಾಪಾರದ ಸ್ಥಿತಿಗತಿಯನ್ನು ಅಳೆಯುವಾಗ ರಸ್ತೆ, ವಿದ್ಯುತ್, ನೀರು, ಬ್ಯಾಂಕು, ಮಾರುಕಟ್ಟೆ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ. ಸಂಜೆ ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ ಆ ಊರಿನ ಜನ ಎಲ್ಲಿ ಕಲೆಯುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ, ದುಡಿಮೆ ಮುಗಿಸಿದ ಯುವಕರು ಎಲ್ಲಿ ಹೊತ್ತು ಕಳೆಯುತ್ತಾರೆ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಸೇರುವುದು ಅಪರೂಪ. ಆದರೆ ಕೆಲಸಗಾರರನ್ನು ಊರಿನಲ್ಲಿ ಉಳಿಸಿಕೊಳ್ಳಬೇಕೆನ್ನುವ ಸಣ್ಣ ಕೈಗಾರಿಕೆಯವರಿಗೂ, ಸಂಜೆಯ ಗಿರಾಕಿಯನ್ನೇ ನೆಚ್ಚಿಕೊಂಡ ವರ್ತಕರಿಗೂ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದ್ದು.

ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ ಬೆಟ್ಟದಪುರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿರುವ ಈ ಊರಿಗೆ ಸುತ್ತಲಿನ ಹಳ್ಳಿಗಳ ಜನ ಗೊಬ್ಬರ, ಬಟ್ಟೆ, ಔಷಧ, ಶಾಲೆ, ಬ್ಯಾಂಕು ಎಂದು ಬರುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಇಂಥ ಹೋಬಳಿ ಕೇಂದ್ರಗಳ ವ್ಯಾಪಾರವು ಬೆಳೆಯನ್ನು, ಅದರಲ್ಲೂ ವರ್ಜೀನಿಯಾ ಹೊಗೆಸೊಪ್ಪನ್ನು ಬಹುಮಟ್ಟಿಗೆ ಅವಲಂಬಿಸಿದೆ. 1984ರಲ್ಲಿ ತಂಬಾಕು ಮಂಡಳಿಯು ಕರ್ನಾಟಕದಲ್ಲಿ ಹರಾಜು ವ್ಯವಸ್ಥೆಯನ್ನು ಜಾರಿಗೆ ತಂದ ಮೇಲೆ, ಪಿರಿಯಾಪಟ್ಟಣ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳು ತೆರೆದಿರುವ ತಿಂಗಳುಗಳಲ್ಲಿ ಹಣ ಓಡಾಡುತ್ತದೆ. ಮಿಕ್ಕ ತಿಂಗಳುಗಳಲ್ಲಿ ಬಿಗಿಯುತ್ತದೆ. ಹಣ ಓಡಾಡುವ ದಿನಗಳಲ್ಲಿ ಅದು ಊರಿನಲ್ಲೇ, ಮನೆವಾರ್ತೆಗೆ ಉಪಯೋಗವಾಗುವ ಬಾಬತ್ತಿಗೆ ವೆಚ್ಚವಾಗುತ್ತದೆಯೋ ಅಥವಾ ಮದ್ಯದಂಗಡಿ ಮತ್ತು ಇಸ್ಪೀಟಿನ ಕಟ್ಟೆಯ ಪಾಲಾಗುತ್ತದೆಯೋ ಎಂಬುದು ಊರಿನಲ್ಲಿ ಕಾಲ ಕಳೆಯಲು ಬೇರೆ ಜಾಗ ಇದೆಯೇ ಎಂಬುದನ್ನೂ ಅವಲಂಬಿಸಿದೆ.

ಇಂಥ ಜಾಗಗಳಿಗೆಂದು ಸರ್ಕಾರಗಳು ಹಣ ಕೊಟ್ಟೇ ಇಲ್ಲವೆಂದು ಹೇಳಲಾಗದು. ಕರ್ನಾಟಕದ ಯಾವ ಹೋಬಳಿಗೆ ಹೋದರೂ ಒಂದು ಸಮುದಾಯ ಭವನವೋ, ಬಯಲು ರಂಗಮಂದಿರವೋ, ವ್ಯಾಯಾಮ ಶಾಲೆಯೋ ಕಣ್ಣಿಗೆ ಬೀಳುತ್ತದೆ. ಹಾಗೆಯೇ ಅವುಗಳ ಪೈಕಿ ಹಲವಕ್ಕೆ ಹಾಕಿದ ಬೀಗವೂ ಕಣ್ಣಿಗೆ ಬೀಳುತ್ತದೆ. ಮದುವೆ, ಆರತಕ್ಷತೆ, ಚುನಾವಣೆಯ ಮತಗಟ್ಟೆ, ವರ್ಷಕ್ಕೊಂದು ನಾಟಕ ಇಷ್ಟಕ್ಕೆ ತೆರೆದು, ಉಳಿದ ದಿನಗಳಲ್ಲಿ ಮುಚ್ಚಿರುವ ಕಟ್ಟಡಗಳು ಸಾರ್ವಜನಿಕ ಬಂಡವಾಳದ ಅಪವ್ಯಯವೆಂದು ಯಾವ ವ್ಯಾಪಾರಿಯೂ ಒಪ್ಪಿಕೊಳ್ಳುತ್ತಾನೆ. ವರ್ಷಕ್ಕೆ ಮೂವತ್ತು ದಿನ ಮಾತ್ರ ತೆರೆಯುವ ಅಂಗಡಿಗೆ ಯಾರೂ ಬಂಡವಾಳ ಹೂಡುವುದಿಲ್ಲ. ಹಾಗಿರುವಾಗ ಈ ಸ್ಥಿತಿ ಏಕೆ ಒದಗಿತು, ಅದನ್ನು ಸರಿಪಡಿಸುವ ಅಧಿಕಾರ ಯಾರದು ಎಂಬುದನ್ನು ವಿವರವಾಗಿ ನೋಡುವುದು ಅವಶ್ಯ.

ಹಿಂದಿನ ವ್ಯವಸ್ಥೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಮನರಂಜನೆಯ ನೆಲೆಗಳು ಹೊಸವಲ್ಲ. ಅರಳಿಕಟ್ಟೆ, ಭಜನೆಮನೆ, ದೇವಸ್ಥಾನದ ಅಂಗಳ, ಗರಡಿಮನೆ ಇವೆಲ್ಲವೂ ಆ ಕಾಲದ ಸಮುದಾಯ ಕೇಂದ್ರಗಳೇ. ಗರಡಿಗೆ ಕೆಮ್ಮಣ್ಣು, ಎಣ್ಣೆ ಒದಗಿಸುವುದು, ಪೌರಾಣಿಕ ನಾಟಕಕ್ಕೆ ಸೀನರಿ ಬಾಡಿಗೆ ಕಟ್ಟುವುದು, ಹಾರ್ಮೋನಿಯಂ ಮೇಷ್ಟರಿಗೆ ಸಂಭಾವನೆ ಕೊಡುವುದು ಇತ್ಯಾದಿ ವೆಚ್ಚಗಳನ್ನು ಊರಿನವರು ವಂತಿಗೆ ಎತ್ತಿ ನಿಭಾಯಿಸುತ್ತಿದ್ದರು. ಆ ವಂತಿಗೆಯಲ್ಲಿ ಅಂಗಡಿಯವರ ಪಾಲು ಸಾಮಾನ್ಯವಾಗಿ ದೊಡ್ಡದಿರುತ್ತಿತ್ತು. ಕಾರ್ಯಕ್ರಮದ ಕರಪತ್ರದಲ್ಲಿ ಅವರ ಹೆಸರೂ ಇರುತ್ತಿತ್ತು. ಚುಂಚನಕಟ್ಟೆಯ ದನಗಳ ಜಾತ್ರೆಯಂಥ ಸಂದರ್ಭಗಳಲ್ಲಿ ವ್ಯಾಪಾರ ಮತ್ತು ಮನರಂಜನೆ ಒಂದೇ ಬಯಲಿನಲ್ಲಿ ನಡೆಯುತ್ತಿದ್ದುದನ್ನು ಈ ಭಾಗದವರು ಬಲ್ಲರು.

ಈ ವ್ಯವಸ್ಥೆಯನ್ನು ಮಿತಿಮೀರಿ ಹೊಗಳಬೇಕಾಗಿಲ್ಲ. ಭಜನೆಮನೆಯ ಜಗಲಿಯನ್ನು ಯಾರು ಹತ್ತಬಹುದು, ಯಾರು ಹತ್ತಬಾರದು ಎಂಬ ಕಟ್ಟಳೆ ಇತ್ತು. ಗರಡಿ ಗಂಡಸರದು, ಹೆಣ್ಣುಮಕ್ಕಳಿಗೆ ಬಿಡುವಿನ ಹೊತ್ತು ಕಳೆಯಲು ಹೊರಗೆ ಜಾಗವಿರಲಿಲ್ಲ. ಎಲ್ಲರಿಗೂ ಸಲ್ಲುವ ಜಾಗ ಬೇಕಾದರೆ ಅದು ಎಲ್ಲರ ತೆರಿಗೆಯಿಂದ, ಎಲ್ಲರಿಗೂ ಉತ್ತರ ಕೊಡಬೇಕಾದ ಸಂಸ್ಥೆಯಿಂದ ನಡೆಯಬೇಕು. ಸಾರ್ವಜನಿಕ ಹಣದ ಅಗತ್ಯ ಹುಟ್ಟುವುದು ಇಲ್ಲಿಂದಲೇ.

ನಗರಗಳಲ್ಲಿ ಈ ಬದಲಾವಣೆ ಬೇಗ ಆಯಿತು. ಪ್ರಜಾಪ್ರತಿನಿಧಿ ಸಭೆಯನ್ನು 1881ರಲ್ಲಿ ಆರಂಭಿಸಿದ ದಿವಾನ್ ಸಿ. ರಂಗಾಚಾರ್ಲು ಅವರ ಸ್ಮಾರಕವಾಗಿ 1884ರಲ್ಲಿ ಮೈಸೂರಿನ ಪುರಭವನಕ್ಕೆ ಅಡಿಪಾಯ ಬಿದ್ದಿತು. ಮುಂದೆ ಅದು ನಾಟಕ, ಸಂಗೀತ, ಸಭೆಗಳಿಗೆ ಊರಿನ ಮುಖ್ಯ ವೇದಿಕೆಯಾಯಿತು. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. ಮೈಸೂರಿನ ಕಲಾಮಂದಿರವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಡೆಸುತ್ತಿದೆ. ಇವುಗಳಿಗೆ ಇಲಾಖೆ ಅಥವಾ ನಗರಸಂಸ್ಥೆಯ ನೌಕರರಿದ್ದಾರೆ, ಬಾಡಿಗೆಯ ದರಪಟ್ಟಿ ಇದೆ. ಹೋಬಳಿ ಮಟ್ಟಕ್ಕೆ ಬಂದ ಕಟ್ಟಡಗಳಿಗೆ ಅಂಥ ಆಸರೆ ದೊರೆಯಲಿಲ್ಲ.

ಕಾನೂನಿನಲ್ಲಿ ಇರುವ ಹೊಣೆ

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಕ್ರೀಡೆ, ಮನರಂಜನೆ ಮತ್ತು ವಿನೋದಗಳು 33ನೆಯ ಬಾಬಿನಲ್ಲಿ ಸೇರಿವೆ. ಅಂದರೆ ಇದು ಮೂಲತಃ ರಾಜ್ಯದ ವಿಷಯ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯನ್ನು ಸಂವಿಧಾನಕ್ಕೆ ಸೇರಿಸಿದವು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಗರಗಳಿಗೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ, ತೋಟ, ಆಟದ ಮೈದಾನಗಳೆಂದು ಸ್ಪಷ್ಟವಾಗಿ ಬರೆದಿದೆ. ಹಳ್ಳಿಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ, ಸಂತೆ ಮತ್ತು ಜಾತ್ರೆ, ಸಮುದಾಯ ಆಸ್ತಿಗಳ ನಿರ್ವಹಣೆ ಇವೆ. ಆಟದ ಮೈದಾನದ ಮಾತಿಲ್ಲ.

ಕರ್ನಾಟಕದ ಶಾಸನವು ಈ ಕೊರತೆಯನ್ನು ತುಂಬಿದೆ. 1993ರ ಪಂಚಾಯತ್ ರಾಜ್ ಅಧಿನಿಯಮವು, ಅಂದರೆ ಈಗಿನ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು, ಗ್ರಾಮ ಪಂಚಾಯಿತಿಯ ಕಾರ್ಯಗಳಲ್ಲಿ ಗ್ರಂಥಾಲಯ ಮತ್ತು ವಾಚನಾಲಯ, ಸಾಮಾಜಿಕ ಹಾಗೂ ಸಾಂಸ್ಕೃತಿಕ ಚಟುವಟಿಕೆಗಳ ಪ್ರೋತ್ಸಾಹ, ಸಾರ್ವಜನಿಕ ಉದ್ಯಾನ ಮತ್ತು ಆಟದ ಮೈದಾನಗಳ ನಿರ್ವಹಣೆ ಇವುಗಳನ್ನು ಸೇರಿಸಿದೆ. ಆದುದರಿಂದ ಸಮುದಾಯ ಭವನವನ್ನು ಸುಸ್ಥಿತಿಯಲ್ಲಿಟ್ಟು ನಡೆಸುವುದು ಪಂಚಾಯಿತಿಯು ಜನರ ಮೇಲೆ ತೋರುವ ದಯೆಯಲ್ಲ, ಅದರ ಶಾಸನಬದ್ಧ ಕಾರ್ಯಗಳಲ್ಲೊಂದು.

ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಿಗೆ ಅನ್ವಯಿಸುವ 1964ರ ಪುರಸಭೆಗಳ ಅಧಿನಿಯಮದಲ್ಲಿ ಕಾರ್ಯಗಳನ್ನು ಕಡ್ಡಾಯ ಮತ್ತು ವಿವೇಚನೆಗೆ ಬಿಟ್ಟವು ಎಂದು ಎರಡು ಬಗೆಯಾಗಿ ವಿಂಗಡಿಸಲಾಗಿದೆ. ಬೀದಿದೀಪ, ನೈರ್ಮಲ್ಯ ಮುಂತಾದವು ಕಡ್ಡಾಯ. ಉದ್ಯಾನ, ಗ್ರಂಥಾಲಯ, ಸಾರ್ವಜನಿಕ ಸಭಾಂಗಣಗಳು ವಿವೇಚನೆಗೆ ಬಿಟ್ಟವು. ಹಣ ಸಾಲದ ವರ್ಷದಲ್ಲಿ ಕತ್ತರಿ ಮೊದಲು ಬೀಳುವುದು ಎರಡನೆಯ ಬಗೆಯ ಕಾರ್ಯಗಳಿಗೆ. ಹೋಬಳಿ ಕೇಂದ್ರಗಳು ಬೆಳೆದು ಪಟ್ಟಣ ಪಂಚಾಯಿತಿಗಳಾಗುವಾಗ ವರ್ತಕರು ಈ ಅಂಶವನ್ನು ನೆನಪಿನಲ್ಲಿಡಬೇಕು. ತೆರಿಗೆ ಹೆಚ್ಚಾದ ಮಾತ್ರಕ್ಕೆ ಮೈದಾನವೂ ಭವನವೂ ತಾವಾಗಿ ದೊರೆಯುವುದಿಲ್ಲ; ಯಾರಾದರೂ ಕೇಳಬೇಕಾಗುತ್ತದೆ.

ಕಟ್ಟಲು ಹಣವುಂಟು, ನಡೆಸಲು?

ಭವನ ಕಟ್ಟಲು ಹಣ ಬರುವ ದಾರಿಗಳು ಹಲವು. 1993ರ ಡಿಸೆಂಬರ್‌ನಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯು 2011-12ರಿಂದ ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯಂತೆ ನಿಗದಿಯಾಗಿದೆ. ಶಾಸಕರಿಗೂ ಇಂಥದೇ ನಿಧಿಯುಂಟು. ರಾಜ್ಯೋದಯದ ಸುವರ್ಣ ಮಹೋತ್ಸವದ ವರ್ಷವಾದ 2006ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಸುವರ್ಣ ಗ್ರಾಮೋದಯದಂಥ ಯೋಜನೆಗಳಿಂದಲೂ ಹಳ್ಳಿಗಳಿಗೆ ಭವನಗಳು ಬಂದವು. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಅನೇಕ ಪಂಚಾಯಿತಿಗಳು ಶಾಲೆಯ ಆಟದ ಮೈದಾನಗಳನ್ನು ಸಮತಟ್ಟು ಮಾಡಿಸಿದವು. ಇವೆಲ್ಲವುಗಳ ಒತ್ತು ಬಾಳಿಕೆ ಬರುವ ಆಸ್ತಿಯ ನಿರ್ಮಾಣದ ಮೇಲೆ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿದ ಮೇಲೆ ಯೋಜನೆಯ ಕೆಲಸ ಮುಗಿಯಿತು. ವಿದ್ಯುತ್ ಬಿಲ್ಲು, ಕಸಗುಡಿಸುವವರ ಸಂಬಳ, ಒಡೆದ ಕಿಟಕಿಯ ಗಾಜು, ಕೆಟ್ಟ ನಲ್ಲಿ ಇವುಗಳ ಖರ್ಚು ಯಾವ ಯೋಜನೆಯ ಬಾಬತ್ತಿಗೂ ಸೇರುವುದಿಲ್ಲ. ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದಂತೆ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಕೇಂದ್ರ ಹಣಕಾಸು ಆಯೋಗದ ಅನುದಾನವು ಪಂಚಾಯಿತಿಗಳಿಗೆ ಬರುವ ದೊಡ್ಡ ಮೊತ್ತ. ಹದಿನೈದನೆಯ ಆಯೋಗವು 2021-26ರ ಅವಧಿಗೆ ಗ್ರಾಮೀಣ ಸಂಸ್ಥೆಗಳ ಅನುದಾನದಲ್ಲಿ ಶೇಕಡ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಉಳಿದ ಶೇಕಡ 40ನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾಗಿತ್ತು. ಆದರೆ ಸಂಬಳ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸಕೂಡದೆಂಬ ನಿಬಂಧನೆ ಅದಕ್ಕೂ ಇತ್ತು. ನೀರು, ನೈರ್ಮಲ್ಯಕ್ಕೆ ಆದ್ಯತೆ ಕೊಟ್ಟಿದ್ದು ಸರಿಯೇ. ಅದರ ಪರಿಣಾಮವಾಗಿ, ಭವನದ ಬಾಗಿಲು ತೆಗೆಯುವ ಒಬ್ಬ ಮನುಷ್ಯನ ಸಂಬಳವನ್ನು ಪಂಚಾಯಿತಿಯು ಸ್ವಂತ ವರಮಾನದಿಂದಲೇ ಹೊಂದಿಸಬೇಕಾಯಿತು.

ನಡೆಸುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡ ಯೋಜನೆಯೊಂದು ಇತ್ತು. 2008-09ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಈ ಭಾಗದಲ್ಲಿ 'ಪೈಕಾ' ಎಂದೇ ಹೆಸರಾದ ಪಂಚಾಯತ್ ಯುವ ಕ್ರೀಡಾ ಔರ್ ಖೇಲ್ ಅಭಿಯಾನ. ಮೈದಾನದ ಅಭಿವೃದ್ಧಿಗೆ ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ಸಲಕ್ಕೆ 1 ಲಕ್ಷ ರೂಪಾಯಿ. ಜೊತೆಗೆ ಆಟದ ಸಾಮಾನು ಕೊಳ್ಳಲು ಮತ್ತು ಮೈದಾನ ನಡೆಸಲು ಐದು ವರ್ಷಗಳ ಕಾಲ ವಾರ್ಷಿಕ ಅನುದಾನ. ಮಕ್ಕಳನ್ನು ಆಡಿಸುವ 'ಕ್ರೀಡಾಶ್ರೀ' ಎಂಬ ಸ್ವಯಂಸೇವಕರಿಗೆ ತಿಂಗಳಿಗೆ 500 ರೂಪಾಯಿ ಗೌರವಧನ. ಯೋಜನೆಯ ಕಲ್ಪನೆ ಸರಿಯಾಗಿಯೇ ಇತ್ತು. ಆದರೆ ತಿಂಗಳಿಗೆ 500 ರೂಪಾಯಿಗೆ ಪ್ರತಿ ಸಂಜೆ ಮೈದಾನಕ್ಕೆ ಬರುವವರು ಎಷ್ಟು ದಿನ ಬಂದಾರು? ಐದು ವರ್ಷ ಕಳೆದ ಮೇಲೆ ಹೊಣೆ ಹೊರುವವರು ಯಾರೆಂಬುದೂ ಇತ್ಯರ್ಥವಾಗಲಿಲ್ಲ. 2014ರಲ್ಲಿ ಈ ಯೋಜನೆಯ ಜಾಗಕ್ಕೆ ರಾಜೀವ್ ಗಾಂಧಿ ಖೇಲ್ ಅಭಿಯಾನ ಬಂದಿತು. ಮುಂದೆ ಅದೂ ಖೇಲೋ ಇಂಡಿಯಾದಲ್ಲಿ ವಿಲೀನವಾಯಿತು. ಮೇಲಿನಿಂದ ಬಂದ ಹಣವನ್ನು ಮಾತ್ರ ನೆಚ್ಚಿದ ಚಟುವಟಿಕೆಗಳು ಯೋಜನೆಯ ಹೆಸರು ಬದಲಾದಾಗಲೆಲ್ಲ ತಡವರಿಸುತ್ತವೆ.

ಗ್ರಂಥಾಲಯದ ಪಾಠ

ಇದೇ ಹಳ್ಳಿಗಳಲ್ಲಿ, ಇದೇ ಪಂಚಾಯಿತಿಗಳ ಕೈಯಲ್ಲಿ, ದಿನವೂ ಬಾಗಿಲು ತೆರೆಯುವ ಇನ್ನೊಂದು ಸಾರ್ವಜನಿಕ ಜಾಗವಿದೆ. ಅದು ಗ್ರಾಮ ಪಂಚಾಯಿತಿಯ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಲು ಅವಕಾಶ ಕೊಟ್ಟಿತು. ಅದು ಈಗ ಶೇಕಡ 6. ಅಂಗಡಿಯ ತೆರಿಗೆ ರಸೀದಿಯನ್ನು ತೆಗೆದು ನೋಡಿದರೆ ಈ ಬಾಬತ್ತು ಕಾಣಿಸುತ್ತದೆ. ತಾವು ಕಟ್ಟುವ ತೆರಿಗೆಯಿಂದ ಗ್ರಂಥಾಲಯ ನಡೆಯುತ್ತಿದೆ ಎಂಬುದು ಅನೇಕ ವರ್ತಕರಿಗೆ ತಿಳಿಯದಿರಬಹುದು.

2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚಿನ ಗ್ರಂಥಾಲಯಗಳು ಹೀಗೆ ಪಂಚಾಯಿತಿಗಳ ಉಸ್ತುವಾರಿಗೆ ಬಂದವು. 2020ರ ನವೆಂಬರ್‌ನಲ್ಲಿ, ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ, ಆರಂಭವಾದ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಅನೇಕ ಕಡೆ ಗೋಡೆಗಳಿಗೆ ಬಣ್ಣ ಬಳಿದು, ಕಂಪ್ಯೂಟರ್ ತಂದು, ದಾನವಾಗಿ ಬಂದ ಪುಸ್ತಕ ಜೋಡಿಸಿದರು. ಕಥೆ ಹೇಳುವುದು, ಚಿತ್ರ ಬರೆಯುವುದು, ಚದುರಂಗ ಆಡುವುದು ಕೂಡ ಅಲ್ಲಿ ಸೇರಿದವು. ಈಗ ಅವು ಅರಿವು ಕೇಂದ್ರಗಳೆಂದು ಹೆಸರಾಗಿವೆ.

ಒಂದೇ ಪಂಚಾಯಿತಿಯ ಗ್ರಂಥಾಲಯ ತೆರೆದಿದ್ದು ಸಮುದಾಯ ಭವನ ಮುಚ್ಚಿರುವುದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಗ್ರಂಥಾಲಯಕ್ಕೆ ಮೂರು ವಸ್ತುಗಳಿವೆ: ಹೆಸರಿಟ್ಟ ವರಮಾನ, ಹೊಣೆ ಹೊತ್ತ ಒಬ್ಬ ಮೇಲ್ವಿಚಾರಕರು, ಬಾಗಿಲಿನ ಮೇಲೆ ಬರೆದ ವೇಳೆ. ಸಮುದಾಯ ಭವನಕ್ಕೆ ಈ ಮೂರರಲ್ಲಿ ಯಾವುದೂ ಇಲ್ಲ. ಇರುವುದು ಬೀಗದ ಕೈ ಮಾತ್ರ. ಅದು ಯಾರ ಮನೆಯಲ್ಲಿದೆಯೋ ಅವರ ಮರ್ಜಿಯಂತೆ ಭವನ ನಡೆಯುತ್ತದೆ.

ಹೊರನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನ 1850ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಪಟ್ಟಣ ಸಭೆಗಳಿಗೆ ಒಂದು ಪೌಂಡಿಗೆ ಅರ್ಧ ಪೆನ್ನಿಯಂತೆ ಕರ ವಿಧಿಸಲು ಅನುಮತಿ ಕೊಟ್ಟಿತು. ಆ ಹಣದಿಂದ ಕಟ್ಟಡ ನಿಲ್ಲಿಸಬಹುದಾಗಿತ್ತು, ಪುಸ್ತಕ ಕೊಳ್ಳುವಂತಿರಲಿಲ್ಲ. ಪುಸ್ತಕವಿಲ್ಲದ ಗ್ರಂಥಾಲಯದ ಅಸಂಗತಿ ಐದೇ ವರ್ಷದಲ್ಲಿ ಮನವರಿಕೆಯಾಗಿ, 1855ರ ಕಾಯ್ದೆಯು ಕರವನ್ನು ಒಂದು ಪೆನ್ನಿಗೆ ಏರಿಸಿ, ಪುಸ್ತಕ ಖರೀದಿಗೂ ಅವಕಾಶ ಕಲ್ಪಿಸಿತು. ಎಚ್.ಡಿ. ಕೋಟೆಯ ಗಡಿಯಾಚೆಗಿನ ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಅವರ ಮುಂದಾಳ್ತನದಲ್ಲಿ 1945ರಲ್ಲಿ 47 ಗ್ರಂಥಾಲಯಗಳಿಂದ ಶುರುವಾದ ಗ್ರಂಥಶಾಲಾ ಸಂಘವು ಹಳ್ಳಿಹಳ್ಳಿಗೂ ಹಬ್ಬಿತು. ಅಲ್ಲಿ ಊರಿನ ಸದಸ್ಯರೇ ಆರಿಸಿದ ಸಮಿತಿ ಗ್ರಂಥಾಲಯವನ್ನು ನಡೆಸುತ್ತದೆ, ಸರ್ಕಾರದ ಅನುದಾನ ಆಸರೆಯಾಗುತ್ತದೆ. ಪತ್ರಿಕೆ ಓದುವುದರ ಜೊತೆಗೆ ಕೇರಂ, ನಾಟಕ, ಚರ್ಚೆಗಳೂ ಅದೇ ಸೂರಿನಡಿ ನಡೆಯುತ್ತವೆ. ಊರಿನವರ ಶ್ರಮ ಮತ್ತು ಸಾರ್ವಜನಿಕ ಹಣ ಎರಡೂ ಕೂಡಿದಾಗ ಮಾತ್ರ ಇಂಥ ಸಂಸ್ಥೆ ಬಾಳುತ್ತದೆ.

ಖರ್ಚಿನ ಅಂದಾಜು

ವ್ಯಾಪಾರಸ್ಥರಿಗೆ ಲೆಕ್ಕ ಹಾಕದೆ ಯಾವ ಮಾತೂ ಪೂರ್ಣವಾಗುವುದಿಲ್ಲ. ಉದಾಹರಣೆಗಾಗಿ ಮಾತ್ರ ಒಂದು ಸಾಧಾರಣ ಸಮುದಾಯ ಭವನದ ಕಾಲ್ಪನಿಕ ಆಯವ್ಯಯವನ್ನು ಇಲ್ಲಿ ಕೊಡಲಾಗಿದೆ. ಸಂಜೆ ನಾಲ್ಕು ಗಂಟೆಗಳ ಕಾಲ ಭವನವನ್ನು ನೋಡಿಕೊಳ್ಳುವ ಒಬ್ಬರಿಗೆ ತಿಂಗಳಿಗೆ 6,000 ರೂಪಾಯಿಯಂತೆ ವರ್ಷಕ್ಕೆ 72,000; ವಿದ್ಯುತ್ತಿಗೆ 18,000; ನೀರು ಮತ್ತು ಶುಚಿತ್ವಕ್ಕೆ 12,000; ದುರಸ್ತಿ ಮತ್ತು ಸುಣ್ಣಬಣ್ಣಕ್ಕೆ 30,000; ಕೇರಂ ಬೋರ್ಡು, ವಾಲಿಬಾಲ್, ಬಲೆ, ಷಟಲ್ ಬ್ಯಾಟು, ದಿನಪತ್ರಿಕೆಗಳಿಗೆ 18,000. ಒಟ್ಟು 1,50,000 ರೂಪಾಯಿ.

ಮದುವೆ, ನಾಮಕರಣ, ಸಭೆಗಳಿಗೆ ವರ್ಷಕ್ಕೆ 40 ದಿನ, ದಿನಕ್ಕೆ 2,000 ರೂಪಾಯಿಯಂತೆ ಬಾಡಿಗೆ ಬಂದರೆ ವರಮಾನ 80,000. ಕೊರತೆ 70,000 ರೂಪಾಯಿ. ಪಂಚಾಯಿತಿಯಲ್ಲಿ 1,500 ಮನೆ ಮತ್ತು ಅಂಗಡಿಗಳಿದ್ದರೆ, ಒಂದೊಂದಕ್ಕೆ ವರ್ಷಕ್ಕೆ ಸುಮಾರು 47 ರೂಪಾಯಿ ಬೀಳುತ್ತದೆ. ತಿಂಗಳಿಗೆ ನಾಲ್ಕು ರೂಪಾಯಿಗೂ ಕಡಿಮೆ. ಅಂಕಿಗಳು ಊರಿಂದೂರಿಗೆ ಬದಲಾಗಬಹುದು, ಸಂಬಳ ಹೆಚ್ಚಬಹುದು, ಬಾಡಿಗೆ ಇಳಿಯಬಹುದು. ಆದರೂ ಕಟ್ಟಡ ನಿಲ್ಲಿಸಲು ಬೇಕಾದ ಲಕ್ಷಾಂತರ ರೂಪಾಯಿಗಳ ಮುಂದೆ ಅದನ್ನು ನಡೆಸುವ ವಾರ್ಷಿಕ ಮೊತ್ತ ಚಿಕ್ಕದೆಂಬುದು ಸ್ಪಷ್ಟ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಮಾತು ಇಂಥ ವೆಚ್ಚಕ್ಕೇ ಹೇಳಿದಂತಿದೆ.

ಇದಕ್ಕೆ ಹೊಸ ಕರ ಬೇಕೇ? ಗ್ರಾಮ ಪಂಚಾಯಿತಿ ತನ್ನಿಚ್ಛೆಯಂತೆ ಹೊಸ ಕರವೊಂದನ್ನು ಹುಟ್ಟುಹಾಕುವಂತಿಲ್ಲ. ಅಧಿನಿಯಮ ಹೇಳಿದ ತೆರಿಗೆ, ಶುಲ್ಕಗಳನ್ನು ಮಾತ್ರ ವಸೂಲು ಮಾಡಬಹುದು. ಅವುಗಳಲ್ಲಿ ಕಟ್ಟಡ ತೆರಿಗೆ, ಸಂತೆ ಶುಲ್ಕ, ಬಸ್ ನಿಲ್ದಾಣ ಶುಲ್ಕ ಮೊದಲಾದವುಗಳ ಜೊತೆಗೆ ಸಿನಿಮಾ ಹೊರತಾದ ಮನರಂಜನೆಗಳ ಮೇಲಿನ ತೆರಿಗೆಯೂ ಸೇರಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ರಾಜ್ಯದ ಮನರಂಜನಾ ತೆರಿಗೆ ಅದರಲ್ಲಿ ಲೀನವಾಯಿತು. ಆದರೆ ಸಂವಿಧಾನದ 101ನೆಯ ತಿದ್ದುಪಡಿಯು, ಪಂಚಾಯಿತಿ ಮತ್ತು ಪುರಸಭೆಗಳು ತಾವೇ ವಿಧಿಸಿ ವಸೂಲು ಮಾಡುವ ಮಟ್ಟಿಗೆ ಮನರಂಜನಾ ತೆರಿಗೆಯನ್ನು ರಾಜ್ಯಪಟ್ಟಿಯಲ್ಲಿ ಉಳಿಸಿತು. ಜಾತ್ರೆಗೆ ಬರುವ ದೊಡ್ಡ ತೊಟ್ಟಿಲು, ಸರ್ಕಸ್ಸು, ವಸ್ತುಪ್ರದರ್ಶನಗಳಿಂದ ಬರುವ ಅಲ್ಪಸ್ವಲ್ಪ ಮೊತ್ತವನ್ನು ಆಟದ ಮೈದಾನಕ್ಕೆ ಮೀಸಲಿಡುವುದು ನ್ಯಾಯವೂ ಹೌದು, ಜನರಿಗೆ ಅರ್ಥವಾಗುವ ಕ್ರಮವೂ ಹೌದು. ಬಾಕಿ ಬಿದ್ದ ಆಸ್ತಿ ತೆರಿಗೆ ವಸೂಲಾದರೆ ಹೊಸ ಹೊರೆಯ ಮಾತೇ ಏಳುವುದಿಲ್ಲ.

ಆಕ್ಷೇಪಗಳು

ಸಾರ್ವಜನಿಕ ಹಣದಿಂದ ನಡೆಯುವ ಭವನವು ಖಾಸಗಿ ಕಲ್ಯಾಣ ಮಂಟಪಗಳ ವ್ಯಾಪಾರಕ್ಕೆ ಪೆಟ್ಟು ಕೊಡುತ್ತದೆ ಎಂಬ ಆಕ್ಷೇಪ ವರ್ತಕರಲ್ಲೇ ಇದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪಂಚಾಯಿತಿಯ ಭವನವು ಮದುವೆಯ ಬಾಡಿಗೆಯನ್ನೇ ಮುಖ್ಯ ಗುರಿಯಾಗಿ ಮಾಡಿಕೊಂಡಾಗ ಮಾತ್ರ ಈ ಪೈಪೋಟಿ ಹುಟ್ಟುತ್ತದೆ. ದಿನನಿತ್ಯದ ಸಂಜೆಯ ಬಳಕೆಗೆ ಆದ್ಯತೆ ಇಟ್ಟು, ಬಾಡಿಗೆಯ ದಿನಗಳಿಗೆ ಮಿತಿ ಹಾಕಿದರೆ ಎರಡೂ ಬದುಕಬಹುದು. ಬಡವರ ಮನೆಯ ಮದುವೆಗೆ ಕಡಿಮೆ ಬಾಡಿಗೆಯ ಜಾಗವೊಂದು ಊರಿನಲ್ಲಿ ಇರುವುದೂ ಅವಶ್ಯ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಭವನಗಳು ಒಂದೊಂದು ಜನಾಂಗದ ಹೆಸರಿನಲ್ಲಿ ಕಟ್ಟಲ್ಪಡುತ್ತಿವೆ, ಆದ್ದರಿಂದ ಊರಿಗೆಲ್ಲ ಸೇರಿದ ಜಾಗವೇ ಇಲ್ಲವಾಗುತ್ತಿದೆ ಎಂಬುದು. ಅವಕಾಶವಂಚಿತ ಸಮುದಾಯಗಳಿಗೆ ತಮ್ಮದೆನ್ನುವ ಸೂರು ಬೇಕಿತ್ತು. ಆ ಉದ್ದೇಶದಿಂದ ಸಮಾಜ ಕಲ್ಯಾಣ ಇಲಾಖೆ ಕಟ್ಟಿಸಿದ ಭವನಗಳ ಹಿಂದಿನ ನ್ಯಾಯವನ್ನು ಅಲ್ಲಗಳೆಯಲಾಗದು. ಅದರ ಜೊತೆಗೆ, ಹೆಣ್ಣುಮಕ್ಕಳೂ, ವಲಸೆ ಬಂದ ಕೂಲಿಕಾರರ ಮಕ್ಕಳೂ, ಎಲ್ಲ ಕೇರಿಯವರೂ ಅಂಜದೆ ಒಳಗೆ ಹೋಗಬಹುದಾದ ಒಂದು ಜಾಗವನ್ನು ಪಂಚಾಯಿತಿಯೇ ನಡೆಸಬೇಕು. ಊರಿಗೆಲ್ಲ ತೆರೆದ ಬಾಗಿಲು ವ್ಯಾಪಾರಕ್ಕೂ ಒಳ್ಳೆಯದು. ಅಂಗಡಿಗೆ ಎಲ್ಲ ಕೇರಿಯ ಗಿರಾಕಿಗಳೂ ಬರುತ್ತಾರೆ.

ಮೂರನೆಯದು, ಭವನ ಪುಂಡರ ಅಡ್ಡೆಯಾಗುತ್ತದೆಂಬ ಭಯ. ಅನುಭವ ತೋರಿಸುವುದು ಇದಕ್ಕೆ ವಿರುದ್ಧವಾದುದನ್ನು. ಇಸ್ಪೀಟು, ಕುಡಿತಗಳಿಗೆ ಎಡೆಯಾಗುವುದು ದೀಪವಿಲ್ಲದ, ಕಾಯುವವರಿಲ್ಲದ, ಕಿಟಕಿ ಮುರಿದ ಪಾಳು ಕಟ್ಟಡ. ಮಕ್ಕಳ ಗದ್ದಲವಿರುವ, ಹೆಂಗಸರು ಬಂದುಹೋಗುವ, ದೀಪ ಉರಿಯುವ ಜಾಗದಲ್ಲಿ ಅಂಥವರು ನಿಲ್ಲುವುದು ಕಡಿಮೆ.

ವರ್ತಕರಿಗೆ ಆಗುವ ಪ್ರಯೋಜನ

ನಡೆಯುವ ಭವನವೊಂದು ಸುತ್ತಲಿನ ಸಣ್ಣ ವ್ಯಾಪಾರವನ್ನು ಎಬ್ಬಿಸುತ್ತದೆ. ಪಂದ್ಯಾವಳಿಯೊಂದು ನಡೆದರೆ ಶಾಮಿಯಾನ, ಧ್ವನಿವರ್ಧಕ, ಮುದ್ರಣಾಲಯ, ಹೋಟೆಲು, ಬೇಕರಿ, ಆಟದ ಸಾಮಾನಿನ ಅಂಗಡಿ, ಬಾಡಿಗೆ ವಾಹನ ಇಷ್ಟಕ್ಕೂ ಕೆಲಸ ದೊರೆಯುತ್ತದೆ. ನಾಟಕಕ್ಕೆ ಒಂದು ತಿಂಗಳ ತಾಲೀಮು ನಡೆದರೆ ಸಂಜೆಯ ಚಹಾದಂಗಡಿ ಎರಡು ಗಂಟೆ ಹೆಚ್ಚು ತೆರೆದಿರುತ್ತದೆ. ಬಾಗಿಲು, ಕಿಟಕಿ, ವೈರಿಂಗು, ಬಣ್ಣ, ಕಬ್ಬಿಣದ ಬೇಲಿಯ ಕೆಲಸಗಳು ಊರಿನ ಸಣ್ಣ ವರ್ಕ್‌ಷಾಪುಗಳಿಗೆ ಸಿಗಬಹುದು. ಅದಕ್ಕಾಗಿ ಪಂಚಾಯಿತಿಯು ದರಪಟ್ಟಿಯನ್ನು ಬಹಿರಂಗವಾಗಿ ಕರೆಯುವಂತೆ ನೋಡಿಕೊಳ್ಳುವುದು ವರ್ತಕರ ಹಿತಕ್ಕೇ ಸೇರಿದ್ದು.

ಇದಕ್ಕಿಂತ ದೊಡ್ಡ ಲಾಭ ಕೂಡಲೇ ಲೆಕ್ಕಕ್ಕೆ ಸಿಗುವಂಥದಲ್ಲ. ಈ ಸೀಮೆಯ ಯುವಕರು ಮೈಸೂರು, ಬೆಂಗಳೂರು, ಕೊಡಗಿನ ತೋಟಗಳೆಂದು ಹೊರಡುವುದಕ್ಕೆ ಸಂಬಳ ಮುಖ್ಯ ಕಾರಣವಾದರೂ, ಊರಿನಲ್ಲಿ ಬದುಕು ಸಪ್ಪೆಯೆಂಬ ಭಾವನೆಯೂ ಒಂದು ಕಾರಣ. ಕುಶಲ ಕೆಲಸಗಾರನೊಬ್ಬ ಊರಿನಲ್ಲಿ ಉಳಿಯಲು ಒಪ್ಪಬೇಕಾದರೆ ಅವನ ಮಕ್ಕಳಿಗೆ ಶಾಲೆಯ ಜೊತೆಗೆ ಆಟದ ಬಯಲೂ ಬೇಕು.

ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ಸಂಸ್ಥಾನದ ವಾಣಿಜ್ಯ ಮಂಡಳಿ ಹುಟ್ಟಿತು. ಆ ಕಾಲದಿಂದಲೂ ವಾಣಿಜ್ಯ ಸಂಸ್ಥೆಗಳು ರಸ್ತೆ, ರೈಲು, ತೆರಿಗೆಗಳ ಬಗ್ಗೆ ಸರ್ಕಾರಕ್ಕೆ ಮನವಿ ಸಲ್ಲಿಸುತ್ತ ಬಂದಿವೆ. ಪಂಚಾಯಿತಿಯ ಮುಂದೆ ಸಮುದಾಯ ಭವನದ ವಿಷಯವನ್ನಿಡುವುದೂ ಅದೇ ಕೆಲಸದ ಮುಂದುವರಿಕೆ.

ಮಾಡಬಹುದಾದುದೇನು

ಮೊದಲನೆಯದಾಗಿ, ಊರಿನಲ್ಲಿರುವ ಸಾರ್ವಜನಿಕ ಭವನ, ರಂಗಮಂದಿರ, ಮೈದಾನಗಳ ಪಟ್ಟಿಯನ್ನು ವರ್ತಕರ ಸಂಘವೇ ತಯಾರಿಸಬೇಕು. ಯಾವ ಯೋಜನೆಯಲ್ಲಿ ಕಟ್ಟಿದ್ದು, ಯಾರ ಸ್ವಾಧೀನದಲ್ಲಿದೆ, ಪಂಚಾಯಿತಿಗೆ ವಿಧಿವತ್ತಾಗಿ ಹಸ್ತಾಂತರವಾಗಿದೆಯೇ, ಬೀಗದ ಕೈ ಯಾರಲ್ಲಿದೆ ಎಂಬ ನಾಲ್ಕು ವಿವರಗಳು ಸಾಕು. ಹಸ್ತಾಂತರವಾಗದ ಕಟ್ಟಡಕ್ಕೆ ಪಂಚಾಯಿತಿ ಹಣ ಹಾಕಲಾರದು. ಅನೇಕ ಭವನಗಳು ಪಾಳು ಬೀಳುವುದು ಈ ಕಾಗದಪತ್ರದ ಕೊರತೆಯಿಂದಲೇ.

ಎರಡನೆಯದಾಗಿ, ಗ್ರಾಮಸಭೆಗೆ ಹೋಗಬೇಕು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದು ಶಾಸನದ ಕಟ್ಟಳೆ. ಅಂಗಡಿ ಬಿಟ್ಟು ಹೋಗುವುದು ಕಷ್ಟವೆಂದು ವರ್ತಕರು ಈ ಸಭೆಗಳಿಂದ ದೂರವುಳಿಯುವುದುಂಟು. ಪಂಚಾಯಿತಿಯ ಮುಂಗಡಪತ್ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಸಿದ್ಧವಾಗುವುದರಿಂದ ಅದಕ್ಕೆ ಮುಂಚಿನ ಸಭೆಯಲ್ಲೇ, 'ಸಮುದಾಯ ಭವನ ಮತ್ತು ಮೈದಾನದ ನಿರ್ವಹಣೆ' ಎಂಬ ಪ್ರತ್ಯೇಕ ಬಾಬತ್ತನ್ನು ಸೇರಿಸುವಂತೆ ಲಿಖಿತವಾಗಿ ಕೇಳಬೇಕು. ಚುನಾಯಿತ ಮಂಡಳಿ ಇರಲಿ, ಆಡಳಿತಾಧಿಕಾರಿ ಇರಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟ ಲಿಖಿತ ಮನವಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಮೂರನೆಯದಾಗಿ, ಭವನಕ್ಕೊಂದು ಬಳಕೆದಾರರ ಸಮಿತಿ ಇರಬೇಕು. ಯುವಕ ಸಂಘ, ಸ್ತ್ರೀಶಕ್ತಿ ಸಂಘ, ಶಾಲೆಯ ಮುಖ್ಯೋಪಾಧ್ಯಾಯರು, ಅರಿವು ಕೇಂದ್ರದ ಮೇಲ್ವಿಚಾರಕರು, ವರ್ತಕರ ಪ್ರತಿನಿಧಿ ಇದರಲ್ಲಿರಬಹುದು. ಅಧಿಕಾರ ಪಂಚಾಯಿತಿಯದೇ ಆಗಿದ್ದು, ದಿನದ ಉಸ್ತುವಾರಿ ಸಮಿತಿಯದಾಗಿರಲಿ. ತೆರೆಯುವ ವೇಳೆ, ಬಾಡಿಗೆಯ ದರ, ವರ್ಷದ ಜಮಾ-ಖರ್ಚು ಇವುಗಳನ್ನು ಭವನದ ಗೋಡೆಯ ಮೇಲೆ ಬರೆಸಬೇಕು. ವಾರದಲ್ಲಿ ಕೆಲವು ಸಂಜೆಗಳನ್ನು ಹೆಣ್ಣುಮಕ್ಕಳಿಗೆಂದು ಗೊತ್ತುಮಾಡಬೇಕು.

ನಾಲ್ಕನೆಯದಾಗಿ, ವರ್ತಕರ ಸ್ವಂತ ಕೊಡುಗೆ. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮಗಳು ದೊಡ್ಡ ಕಂಪನಿಗಳಿಗೆ ಅನ್ವಯಿಸುವಂಥವು. ಗ್ರಾಮೀಣ ಕ್ರೀಡಾ ತರಬೇತಿ ಮತ್ತು ಸಾರ್ವಜನಿಕ ಗ್ರಂಥಾಲಯಗಳು ಆ ಪಟ್ಟಿಯಲ್ಲಿವೆ. ಹೋಬಳಿಯ ಅಂಗಡಿಗಳಿಗೆ ಅಂಥ ಕಡ್ಡಾಯವಿಲ್ಲ. ಆದರೂ ವಾಲಿಬಾಲ್ ಬಲೆ, ನಾಲ್ಕು ಕುರ್ಚಿ, ಎರಡು ದಿನಪತ್ರಿಕೆಯ ಚಂದಾ ಇವು ಯಾವ ಅಂಗಡಿಗೂ ಭಾರವಲ್ಲ. ಈ ಕೊಡುಗೆ ಪಂಚಾಯಿತಿಯ ಬಾಬತ್ತಿಗೆ ಪೂರಕವಾಗಿರಬೇಕೇ ಹೊರತು ಬದಲಿಯಾಗಬಾರದು. ದಾನಿಯೊಬ್ಬರು ಎಲ್ಲವನ್ನೂ ನೋಡಿಕೊಳ್ಳುವ ಭವನ, ಆ ದಾನಿಯ ಉತ್ಸಾಹ ತಗ್ಗಿದ ದಿನ ಮುಚ್ಚುತ್ತದೆ.

ಹರಾಜು ಮಾರುಕಟ್ಟೆಗಳು ತೆರೆಯುವ ತಿಂಗಳುಗಳಲ್ಲಿ ಆಸ್ತಿ ತೆರಿಗೆಯ ವಸೂಲಿಯೂ ಸುಲಭ, ವಂತಿಗೆಯೂ ಸುಲಭ. ಬೆಟ್ಟದಪುರದಂಥ ಊರಿನಲ್ಲಿ ವರ್ತಕರು ಈ ಸಲದ ಹೊಗೆಸೊಪ್ಪಿನ ಹಣ ಕೈಸೇರುವ ಹೊತ್ತಿಗೆ ಭವನಗಳ ಪಟ್ಟಿಯನ್ನು ಸಿದ್ಧಪಡಿಸಿ, ಮುಂಗಡಪತ್ರಕ್ಕೆ ಮುಂಚೆ ಪಂಚಾಯಿತಿಗೆ ಮನವಿ ಸಲ್ಲಿಸಿದರೆ, ಮುಂದಿನ ಆರ್ಥಿಕ ವರ್ಷದ ಮೊದಲ ತಿಂಗಳಿನಿಂದಲೇ ಭವನದ ದೀಪ ಉರಿಯಲು ಅಡ್ಡಿಯಿಲ್ಲ.